ಧರಣಿಯ ಧರ್ಮ: ಪಕ್ಷನಿಷ್ಠೆ ಮತ್ತು ಇಬ್ಬಗೆಯ ನೀತಿ

ಭಾರತದ ರಾಜಕೀಯ ಚಳವಳಿಗಳು ಬಳಸಿಕೊಂಡು ಬಂದಿರುವ ಉಪವಾಸ, ಪಾದಯಾತ್ರೆ, ಮೌನ, ಧರಣಿ ಮೊದಲಾದ ವಿಧಾನಗಳಿಗೆ ವ್ರತದೊಡನೆ ಹಳೆಯ ನಂಟಿದೆ. ವ್ರತವೆಂದರೆ ಮನುಷ್ಯನು ಇನ್ನೊಬ್ಬರಿಗೆ ವಿಧಿಸುವ ಮೊದಲು ತನಗೆ ತಾನೇ ವಿಧಿಸಿಕೊಳ್ಳುವ ಕಟ್ಟುಪಾಡು. ತೆಲಂಗಾಣದ ಜನ ಇಂದಿಗೂ ರಾಜಕೀಯ ಉಪವಾಸವನ್ನು ದೀಕ್ಷೆಯೆಂದೇ ಕರೆಯುತ್ತಾರೆ. ಹೀಗಾಗಿ ಪ್ರತಿಭಟನೆಯೊಳಗೆ ಬೇಡಿಕೆಯ ಜೊತೆಗೆ ಒಂದು ಪ್ರತಿಜ್ಞೆಯೂ ಸೇರಿಕೊಂಡಿರುತ್ತದೆ: ಯಾವುದನ್ನು ಅನ್ಯಾಯವೆಂದು ಸಾರಲಾಗುತ್ತಿದೆಯೋ ಅದನ್ನು ಸಾರುವವನು ತಾನು ಮಾಡುವುದಿಲ್ಲ, ತನ್ನವರು ಮಾಡಿದರೆ ಒಪ್ಪುವುದಿಲ್ಲ ಎಂಬ ಪ್ರತಿಜ್ಞೆ. ಎದುರು ಪಕ್ಷದವರು ಮಾಡಿದಾಗ ದೌರ್ಜನ್ಯವೆನಿಸಿದ್ದು ತನ್ನ ಪಕ್ಷದವರು ಮಾಡಿದಾಗ ಅನಿವಾರ್ಯ ಕ್ರಮವೆನಿಸಿದರೆ ಆ ಪ್ರತಿಜ್ಞೆ ಮುರಿಯುತ್ತದೆ. ಈ ಮುರಿತವನ್ನು ಪಕ್ಷದ ಇಬ್ಬಗೆ ಎನ್ನಬಹುದು. ಅದು ಮೂರು ಪ್ರಶ್ನೆಗಳನ್ನು ಎತ್ತುತ್ತದೆ. ಇಬ್ಬಗೆಯುಳ್ಳವನು ಎತ್ತಿದ ದೂರು ಅವನ ಇಬ್ಬಗೆಯಿಂದಾಗಿಯೇ ಸುಳ್ಳಾಗುತ್ತದೆಯೆ? ಪಕ್ಷ ಹಿಡಿಯುವುದೇ ತಪ್ಪೆ? ಎರಡೂ ಪಕ್ಷಗಳ ನಡೆಯನ್ನು ಕಂಡ ಸಾಮಾನ್ಯ ನಾಗರಿಕನ ಕರ್ತವ್ಯವೇನು?

ಈ ಪ್ರಶ್ನೆಗಳನ್ನು ವಿಚಾರಿಸಲು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಉಂಡವಳ್ಳಿ ಮತ್ತು ಅದರ ಸುತ್ತಲಿನ ಸೀಮೆಗಿಂತ ತಕ್ಕ ನೆಲ ವಿರಳ. ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿರುವ ಆಲಂಪುರ ಇದಕ್ಕೆ ಸಮೀಪದಲ್ಲಿದೆ. ಕೃಷ್ಣೆ ಮತ್ತು ತುಂಗಭದ್ರೆಯರ ಸಂಗಮವೂ ಇದೇ ಭಾಗದಲ್ಲಿದೆ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. 2014ರ ಜೂನ್ 2ರಂದು ಇಲ್ಲಿಯ ಜನ ಮತ್ತೊಮ್ಮೆ ರಾಜ್ಯ ಬದಲಾಯಿಸಿ ತೆಲಂಗಾಣದ ಪ್ರಜೆಗಳಾದರು. ಎಪ್ಪತ್ತು ವರ್ಷಗಳೊಳಗೆ ಮೂರು ರಾಜ್ಯಗಳ ಆಡಳಿತವನ್ನು ಕಂಡ ಈ ಸೀಮೆಗೆ ಚಳವಳಿಯ ಭಾಷೆಯೂ ಗೊತ್ತು, ಚಳವಳಿಗಾರರು ಗದ್ದುಗೆ ಏರಿದ ಮೇಲೆ ಆ ಭಾಷೆ ಹೇಗೆ ಬದಲಾಗುತ್ತದೆಂಬುದೂ ಗೊತ್ತು.

ಇಲ್ಲಿಯ ಹಳೆಯ ಕುಂದುಕೊರತೆಯೆಂದರೆ ನೀರು. ರಾಯಚೂರು ಜಿಲ್ಲೆಯ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟಿನಿಂದ ಹೊರಡುವ ಕಾಲುವೆ, ಜನರ ಬಾಯಲ್ಲಿ ಆರ್‌ಡಿಎಸ್, ಗದ್ವಾಲ ಮತ್ತು ಆಲಂಪುರ ಭಾಗದ 87,500 ಎಕರೆಗೆ ನೀರು ಕೊಡಬೇಕು. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಇದಕ್ಕೆಂದು 15.9 ಟಿಎಂಸಿ ಅಡಿ ನೀರನ್ನು ಹಂಚಿಕೆ ಮಾಡಿತ್ತು. ಆದರೂ ಕಾಲುವೆಯ ಕೊನೆಯಲ್ಲಿರುವ ಹೊಲಗಳಿಗೆ ಆ ನೀರು ದಶಕಗಳ ಕಾಲ ಸರಿಯಾಗಿ ತಲುಪಲಿಲ್ಲ. ಈ ನೋವನ್ನೇ ಮುಂದಿಟ್ಟುಕೊಂಡು 2003ರಲ್ಲಿ ತೆಲಂಗಾಣ ರಾಷ್ಟ್ರ ಸಮಿತಿಯ ಸ್ಥಾಪಕ ಕೆ. ಚಂದ್ರಶೇಖರ ರಾವ್ ಅವರು ಆಲಂಪುರದಿಂದ ಗದ್ವಾಲದವರೆಗೆ ಪಾದಯಾತ್ರೆ ಮಾಡಿದರು. ಪ್ರತ್ಯೇಕ ರಾಜ್ಯದ ಬೇಡಿಕೆಗೆ ಈ ಬಯಲಿನ ರೈತರ ದೂರು ಹೀಗೆ ಒಂದು ಮುಖ್ಯ ಸಾಕ್ಷ್ಯವಾಯಿತು. ಮುಂದೆ 2009ರಲ್ಲಿ ರಾವ್ ಅವರು ಕೈಗೊಂಡ ಉಪವಾಸ, 2011ರ ಮಾರ್ಚಿನ ಮಿಲಿಯನ್ ಮಾರ್ಚ್, ಅದೇ ವರ್ಷದ ಸಕಲ ಜನರ ಮುಷ್ಕರ, ಇವೆಲ್ಲವುಗಳಲ್ಲಿ ನೌಕರರು, ವಿದ್ಯಾರ್ಥಿಗಳು, ವಕೀಲರು, ರೈತರು ತಮ್ಮ ಸಂಬಳ, ಓದು ಮತ್ತು ದುಡಿಮೆಯನ್ನು ಪಣಕ್ಕೊಡ್ಡಿದರು. ತೆಲಂಗಾಣ ರಾಜ್ಯವು ಪ್ರತಿಭಟನೆಯ ಹಕ್ಕಿನಿಂದಲೇ ಹುಟ್ಟಿದ ರಾಜ್ಯ.

ಅಂಥ ರಾಜ್ಯದಲ್ಲಿ ಆ ಹಕ್ಕಿಗೆ ಒದಗಿದ ಗತಿಯನ್ನು ಎಚ್ಚರದಿಂದ ನೋಡಬೇಕು. ಹೈದರಾಬಾದಿನ ಇಂದಿರಾ ಪಾರ್ಕ್ ಬಳಿಯ ಧರ್ನಾ ಚೌಕವು ತೆಲಂಗಾಣ ಚಳವಳಿಯ ಕಾಲದಲ್ಲೂ ಅದಕ್ಕೂ ಮೊದಲೂ ಸಾವಿರಾರು ಧರಣಿಗಳಿಗೆ ನೆಲೆಯಾಗಿತ್ತು. ಚಳವಳಿಯಿಂದ ಅಧಿಕಾರಕ್ಕೆ ಬಂದ ಸರ್ಕಾರವೇ 2017ರಲ್ಲಿ, ಸುತ್ತಲಿನ ನಿವಾಸಿಗಳಿಗೆ ತೊಂದರೆಯಾಗುತ್ತದೆ ಎಂಬ ಕಾರಣ ನೀಡಿ, ಅಲ್ಲಿ ಧರಣಿಗೆ ಅನುಮತಿ ನಿಲ್ಲಿಸಿತು. ಅದೇ ವರ್ಷದ ಫೆಬ್ರವರಿ 22ರಂದು ನಿರುದ್ಯೋಗಿಗಳ ರ‍್ಯಾಲಿಗೆ ಕರೆ ಕೊಟ್ಟಿದ್ದ, ತೆಲಂಗಾಣ ಜಂಟಿ ಕ್ರಿಯಾ ಸಮಿತಿಯ ಮುಖ್ಯಸ್ಥರಾಗಿ ರಾಜ್ಯಕ್ಕಾಗಿ ಹೋರಾಡಿದ್ದ ಪ್ರೊ. ಕೋದಂಡರಾಮ್ ಅವರನ್ನು ಪೊಲೀಸರು ಮನೆಯಿಂದಲೇ ವಶಕ್ಕೆ ಪಡೆದರು. 2018ರಲ್ಲಿ ಹೈಕೋರ್ಟು ಮಧ್ಯೆ ಬಂದ ಮೇಲೆ ಧರ್ನಾ ಚೌಕದಲ್ಲಿ ಮತ್ತೆ ಸಭೆಗಳಿಗೆ ಎಡೆಯಾಯಿತು. ಬಳಿಕ 2021ರ ನವೆಂಬರ್ 18ರಂದು ಕೇಂದ್ರ ಸರ್ಕಾರ ಭತ್ತ ಖರೀದಿಸಬೇಕೆಂದು ಒತ್ತಾಯಿಸಿ ಮುಖ್ಯಮಂತ್ರಿ ಚಂದ್ರಶೇಖರ ರಾವ್ ಅವರೇ ತಮ್ಮ ಸಚಿವರೊಡನೆ ಅದೇ ಚೌಕದಲ್ಲಿ ಧರಣಿ ಕುಳಿತರು. ಭತ್ತದ ರೈತರ ಸಂಕಟ ನಿಜವಾದದ್ದೇ ಆಗಿತ್ತು. ಆದರೆ ಅನ್ಯರಿಗೆ ಮುಚ್ಚಿದ್ದ ಜಾಗ ತಮಗೆ ಬೇಕಾದಾಗ ಪವಿತ್ರವಾಯಿತು ಎಂಬ ಸಂಗತಿಯೂ ಅಷ್ಟೇ ನಿಜ.

ಸರ್ಕಾರ ಬದಲಾದರೆ ಈ ಇಬ್ಬಗೆ ಬದಲಾಗುತ್ತದೆಯೆ ಎಂಬುದಕ್ಕೆ ಕೈಕೋಳದ ಪ್ರಸಂಗಗಳು ಉತ್ತರ ಹೇಳುತ್ತವೆ. ವಿಚಾರಣೆಯಲ್ಲಿರುವ ಬಂದಿಗೆ ತೀರಾ ಅಗತ್ಯವಿಲ್ಲದೆ ಬೇಡಿ ಹಾಕುವುದು ಅಮಾನವೀಯವೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಪ್ರೇಮಶಂಕರ ಶುಕ್ಲಾ ಪ್ರಕರಣದಲ್ಲಿ 1980ರಲ್ಲೇ ತೀರ್ಪಿತ್ತಿದ್ದರು. 2017ರ ಮೇ ತಿಂಗಳಲ್ಲಿ, ಬೆಲೆ ಕುಸಿತದಿಂದ ರೊಚ್ಚಿಗೆದ್ದು ಮಾರುಕಟ್ಟೆ ಕಚೇರಿಯ ಮೇಲೆ ದಾಳಿ ಮಾಡಿದ ಆರೋಪ ಹೊತ್ತ ಖಮ್ಮಂನ ಮೆಣಸಿನಕಾಯಿ ರೈತರನ್ನು ಕೋಳ ತೊಡಿಸಿ ನ್ಯಾಯಾಲಯಕ್ಕೆ ತಂದಾಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಅದನ್ನು ರೈತದ್ರೋಹವೆಂದು ಖಂಡಿಸಿತು. 2023ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿಕಾರ ಹಿಡಿದ ದಿನವೇ ಮುಖ್ಯಮಂತ್ರಿಯ ನಿವಾಸದ ಮುಂದಿದ್ದ ತಡೆಬೇಲಿಗಳನ್ನು ಕೀಳಿಸಿ ಜನರಿಗೆ ದಾರಿ ತೆರೆದೆವೆಂದು ಸಾರಿತು. ಒಂದು ವರ್ಷದೊಳಗೆ, 1956ಕ್ಕೆ ಮೊದಲು ಗುಲಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ಸೀಮೆಯ ಲಗಚರ್ಲದಲ್ಲಿ ಭೂಸ್ವಾಧೀನವನ್ನು ವಿರೋಧಿಸಿದವರು ಅಧಿಕಾರಿಗಳ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ಜೈಲು ಸೇರಿದರು; ಅವರಲ್ಲೊಬ್ಬ ರೈತನನ್ನು ಬೇಡಿ ಹಾಕಿಯೇ ಆಸ್ಪತ್ರೆಗೆ ಕರೆತರಲಾಯಿತು. ಆಗ ಭಾರತ ರಾಷ್ಟ್ರ ಸಮಿತಿಯೆಂದು ಹೆಸರು ಬದಲಿಸಿಕೊಂಡಿದ್ದ ಹಿಂದಿನ ಆಳುವ ಪಕ್ಷದ ಶಾಸಕರು ಕಪ್ಪು ಅಂಗಿ, ಕೈಕೋಳ ಧರಿಸಿ ಪ್ರತಿಭಟಿಸಿದರು. 2025ರ ಜೂನ್‌ನಲ್ಲಿ ಉಂಡವಳ್ಳಿಯಿರುವ ಜಿಲ್ಲೆಯದೇ ಆದ ರಾಜೋಳಿ ಮಂಡಲದ ಪೆದ್ದ ಧನ್ವಾಡದಲ್ಲಿ ಎಥೆನಾಲ್ ಕಾರ್ಖಾನೆಯನ್ನು ವಿರೋಧಿಸಿ ಬಂಧಿತರಾದ ರೈತರನ್ನು ಆಲಂಪುರದ ನ್ಯಾಯಾಲಯಕ್ಕೆ ಕರೆತಂದಾಗಲೂ ಅವರ ಕೈಯಲ್ಲಿ ಬೇಡಿಗಳಿದ್ದವು. ಪೊಲೀಸ್ ಸಿಬ್ಬಂದಿಯ ಅಮಾನತು, ಎದುರಿನವರ ಆಕ್ರೋಶ, ಎರಡೂ ಖಮ್ಮಂನಲ್ಲಿ ನಡೆದಂತೆಯೇ ನಡೆದವು. ಮಾತನಾಡುವವರ ಸ್ಥಾನಗಳು ಮಾತ್ರ ಅದಲುಬದಲಾಗಿದ್ದವು. ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನಲ್ಲಿ ಎಥೆನಾಲ್ ಕಾರ್ಖಾನೆಯ ವಿರುದ್ಧ 2023ರಲ್ಲಿ ಹೋರಾಡಿದವರು ಎದುರಿಸಿದ ಪೊಲೀಸರು ಒಂದು ಪಕ್ಷದ ಸರ್ಕಾರಕ್ಕೆ ಸೇರಿದವರು, ಪೆದ್ದ ಧನ್ವಾಡದವರು ಎದುರಿಸಿದವರು ಇನ್ನೊಂದು ಪಕ್ಷದ ಸರ್ಕಾರಕ್ಕೆ ಸೇರಿದವರು. ಆದರೆ ಕೊಳೆನೀರು ಹೊಲ ಹಳ್ಳಗಳನ್ನು ಕೆಡಿಸುತ್ತದೆಂಬ ದೂರು ಎರಡು ಕಡೆಯೂ ಒಂದೇ.

ಇಂಥ ಸಂಗತಿಗಳನ್ನು ಸಾಲಾಗಿ ಜೋಡಿಸಿ ನೋಡಿದವರಿಗೆ ಸುಲಭವಾಗಿ ಹೊಳೆಯುವ ತೀರ್ಮಾನವೆಂದರೆ ಎಲ್ಲ ಹೋರಾಟವೂ ಬೂಟಾಟಿಕೆ, ಎಲ್ಲರೂ ಒಂದೇ ಎಂಬುದು. ಈ ತೀರ್ಮಾನ ತರ್ಕಕ್ಕೂ ಧರ್ಮಕ್ಕೂ ವಿರುದ್ಧವಾದದ್ದು ಎಂಬುದನ್ನು ಭಾರತೀಯ ನ್ಯಾಯದರ್ಶನದ ನೆರವಿನಿಂದ ತಿಳಿಯಬಹುದು. ನ್ಯಾಯದರ್ಶನವು ಅರಿವಿನ ಸಾಧನಗಳನ್ನು ಪ್ರಮಾಣಗಳೆಂದು ಕರೆಯುತ್ತದೆ; ಅವುಗಳಲ್ಲಿ ಪ್ರತ್ಯಕ್ಷವು ಇಂದ್ರಿಯಗಳಿಂದ ನೇರವಾಗಿ ದೊರೆಯುವ ಅರಿವು, ಶಬ್ದವು ನಂಬಲರ್ಹನಾದ ವ್ಯಕ್ತಿಯ, ಅಂದರೆ ಆಪ್ತನ, ಮಾತಿನಿಂದ ದೊರೆಯುವ ಅರಿವು. ಇಬ್ಬಗೆಯ ನಾಯಕನು ಕಳೆದುಕೊಳ್ಳುವುದು ಆಪ್ತನೆಂಬ ಸ್ಥಾನವನ್ನು. ಅವನ ಮಾತು ಇನ್ನು ಪ್ರಮಾಣವಾಗಲಾರದು. ಆದರೆ ಹಳ್ಳದ ನೀರು ಕೆಟ್ಟಿದೆಯೆಂಬುದು ಅಥವಾ ಕಾಲುವೆಯ ತುದಿ ಒಣಗಿದೆಯೆಂಬುದು ಪ್ರತ್ಯಕ್ಷಕ್ಕೆ ಸೇರಿದ ವಿಷಯವಾದ್ದರಿಂದ, ಅದರ ಸತ್ಯಾಸತ್ಯತೆಗೂ ಅದನ್ನು ವೇದಿಕೆಯ ಮೇಲೆ ಹೇಳಿದವನ ಚಾರಿತ್ರ್ಯಕ್ಕೂ ಸಂಬಂಧವಿಲ್ಲ. 2003ರ ಪಾದಯಾತ್ರೆಯ ಮುಂದಾಳು ಅಧಿಕಾರದಲ್ಲಿ ಹೇಗೆ ನಡೆದುಕೊಂಡರೂ ಆಲಂಪುರದ ರೈತನ ಹೊಲಕ್ಕೆ ನೀರು ಬರಲಿಲ್ಲವೆಂಬುದು ಸತ್ಯವಾಗಿಯೇ ಉಳಿಯುತ್ತದೆ.

ಹಾಗಿದ್ದರೂ ಇಬ್ಬಗೆ ಮಾಡುವ ಹಾನಿ ಸಣ್ಣದಲ್ಲ. ಕಾರ್ಖಾನೆಯೊಂದರ ಪರಿಸರ ವರದಿ, ನದಿನೀರಿನ ಒಪ್ಪಂದ, ಭೂಸ್ವಾಧೀನದ ಅಧಿಸೂಚನೆ ಇವೆಲ್ಲ ಹಳ್ಳಿಯವನ ಕಣ್ಣಿಗೆ ನೇರವಾಗಿ ಕಾಣುವ ವಸ್ತುಗಳಲ್ಲ. ಅವುಗಳ ವಿಷಯದಲ್ಲಿ ಅವನು ಯಾರಾದರೊಬ್ಬ ಆಪ್ತನ ಮಾತನ್ನು ಅವಲಂಬಿಸಲೇಬೇಕು. ಅವನ ಪರವಾಗಿ ಮಾತನಾಡುವವರೆಲ್ಲ ಪಕ್ಷದ ಅನುಕೂಲಕ್ಕೆ ತಕ್ಕಂತೆ ಮಾತು ಬದಲಿಸುವವರೆಂದು ಒಮ್ಮೆ ಖಚಿತವಾದರೆ ಅವನು ಸತ್ಯ ಹೇಳುವವನನ್ನೂ ನಂಬಲಾರ. ಬಡವನಿಗೆ ತನ್ನ ಕಣ್ಣಳತೆಗೆ ಮೀರಿದ ಸತ್ಯವನ್ನು ತಿಳಿಯುವ ದಾರಿಯೇ ಮುಚ್ಚಿಹೋಗುವುದು ಇಬ್ಬಗೆಯ ಅತಿದೊಡ್ಡ ಪಾಪ.

ಅದೇ ನ್ಯಾಯದರ್ಶನವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಸತ್ಯವನ್ನು ಕಾಣಲೆಂದು ನಡೆಸುವ ವಾದ, ಗೆಲ್ಲಲೆಂದು ನಡೆಸುವ ಜಲ್ಪ, ತನ್ನದೆನ್ನುವ ನಿಲುವನ್ನೇ ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ಗುರಿಯಾಗಿರುವ ವಿತಂಡ. ಚರ್ಚೆಯಲ್ಲಿ ಸೋಲನ್ನು ಸೂಚಿಸುವ ಸಂದರ್ಭಗಳನ್ನು ಅದು ನಿಗ್ರಹಸ್ಥಾನಗಳೆಂದು ಪಟ್ಟಿಮಾಡುತ್ತದೆ, ಅವುಗಳಲ್ಲಿ ಒಂದರ ಹೆಸರು ಮತಾನುಜ್ಞಾ. ತನ್ನ ಪಕ್ಷದ ಮೇಲೆ ಬಂದ ದೋಷವನ್ನು ನಿವಾರಿಸದೆ, ಅದೇ ದೋಷ ನಿನ್ನ ಪಕ್ಷದಲ್ಲೂ ಇದೆಯೆಂದು ತಿರುಗಿ ಹೇಳುವುದು ಮತಾನುಜ್ಞಾ. ಹಾಗೆ ಹೇಳಿದವನು ತನ್ನ ದೋಷವನ್ನು ಒಪ್ಪಿಕೊಂಡಂತಾದ್ದರಿಂದ ಅವನು ಸೋತನೆಂದು ನೈಯಾಯಿಕರು ತೀರ್ಮಾನಿಸುತ್ತಾರೆ. ಇಂದಿನ ರಾಜಕೀಯ ಚರ್ಚೆಯಲ್ಲಿ ಅತ್ಯಂತ ಬಲವಾದ ಉತ್ತರವೆಂದು ಭಾವಿಸಲಾಗುವ ಮಾತು ಇದೇ. ಪೆದ್ದ ಧನ್ವಾಡದ ಬೇಡಿಯ ಬಗ್ಗೆ ಕೇಳಿದರೆ ಖಮ್ಮಂ ನೆನಪಿಸುವುದು, ಖಮ್ಮಂ ಬಗ್ಗೆ ಕೇಳಿದರೆ ಅದಕ್ಕೂ ಹಿಂದಿನ ಸರ್ಕಾರದ ಗೋಲಿಬಾರುಗಳನ್ನು ನೆನಪಿಸುವುದು ರೂಢಿಯಾಗಿದೆ. ಹಿಂದಿನ ತಪ್ಪುಗಳನ್ನು ನೆನಪಿಸಬಾರದೆಂದಲ್ಲ. ಈ ಲೇಖನವೂ ಅವನ್ನು ನೆನಪಿಸಿದೆ. ಎರಡು ತಪ್ಪುಗಳನ್ನು ಒಟ್ಟಿಗೆ ಇಟ್ಟು ಎರಡನ್ನೂ ಖಂಡಿಸುವವನು ವಾದ ಮಾಡುತ್ತಾನೆ, ಒಂದನ್ನು ಮರೆಮಾಡಲೆಂದು ಇನ್ನೊಂದನ್ನು ಎತ್ತುವವನು ಮತಾನುಜ್ಞೆಗೆ ಸಿಕ್ಕಿಬೀಳುತ್ತಾನೆ. ಒಂದೇ ಸಂಗತಿಯನ್ನು ಇಬ್ಬರೂ ಹೇಳಬಹುದಾದ್ದರಿಂದ ಇವರನ್ನು ಬೇರ್ಪಡಿಸುವ ಗುರುತು, ಬೇಡಿ ತೊಟ್ಟ ರೈತನ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ದೊರೆಯಿತೆ ಇಲ್ಲವೆ ಎಂಬುದು.

ಇಲ್ಲಿ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಪಕ್ಷ ಹಿಡಿಯುವುದೇ ದೋಷವಾದರೆ ಚಳವಳಿಯೇ ಸಾಧ್ಯವಿಲ್ಲ, ಏಕೆಂದರೆ ಜನರು ಒಟ್ಟುಗೂಡುವುದು ಒಂದು ನಿಲುವಿನ ಸುತ್ತ. ಈ ತೊಡಕಿಗೆ ಕನ್ನಡ ನಾಡಿನಲ್ಲಿ ಆಳವಾಗಿ ಬೇರೂರಿದ್ದ ಜೈನ ತರ್ಕಪರಂಪರೆಯಲ್ಲಿ ಒಂದು ಪರಿಹಾರವಿದೆ. ಅನಂತ ಮುಖಗಳುಳ್ಳ ವಸ್ತುವನ್ನು ಒಂದು ಮುಖದಿಂದ ನೋಡುವ ನೋಟವನ್ನು ಜೈನರು ನಯವೆಂದು ಕರೆದರು. ಬೇರೆ ನೋಟಗಳಿಗೆ ಎಡೆಯಿಟ್ಟು ತನ್ನ ನೋಟವನ್ನು ಪ್ರತಿಪಾದಿಸುವವರೆಗೆ ಅದು ಸರಿಯಾದ ನಯ, ಬೇರೆಲ್ಲವನ್ನೂ ಅಲ್ಲಗಳೆದು ತಾನೇ ಪೂರ್ಣವೆಂದು ಸಾಧಿಸಹೊರಟರೆ ಅದೇ ದುರ್ನಯ. ಅಕಲಂಕನಂಥ ದಿಗಂಬರ ತಾರ್ಕಿಕರು ಈ ಭೇದವನ್ನು ಸೂಕ್ಷ್ಮವಾಗಿ ಬೆಳೆಸಿದರು. ರೈತರ ಪರವಾಗಿ, ಒಂದು ಪ್ರದೇಶದ ಪರವಾಗಿ, ಒಂದು ಭಾಷೆಯ ಪರವಾಗಿ ನಿಲ್ಲುವುದು ನಯ. ನ್ಯಾಯವೆಂಬುದು ತನ್ನ ಪಕ್ಷಕ್ಕೆ ಸಂದಾಗ ಮಾತ್ರ ನ್ಯಾಯ ಎನ್ನುವುದು ದುರ್ನಯ. ಆದ್ದರಿಂದ ಇಬ್ಬಗೆಗೆ ಮದ್ದು ನಿಷ್ಪಕ್ಷವೆಂಬ ಹೆಸರಿನಲ್ಲಿ ಮನೆಯಲ್ಲಿ ಕುಳಿತುಕೊಳ್ಳುವುದಲ್ಲ. ಪಕ್ಷದಲ್ಲಿದ್ದೇ ಪಕ್ಷಕ್ಕೆ ಮಿತಿಯಿದೆಯೆಂದು ಒಪ್ಪುವುದು.

ಹಾಗೆ ಒಪ್ಪಿ ನಡೆದವರು ಇತಿಹಾಸದಲ್ಲಿದ್ದಾರೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧಿತರಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಶಾಂತವೇರಿ ಗೋಪಾಲಗೌಡರ ತಲೆಮಾರಿನ ಕನ್ನಡಿಗರ ಮೇಲೆ ಗಾಢ ಪ್ರಭಾವ ಬೀರಿದರು. 1954ರ ಆಗಸ್ಟಿನಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದ ತಮಿಳು ಪ್ರದೇಶದಲ್ಲಿ ಮದ್ರಾಸಿಗೆ ಸೇರಬೇಕೆಂದು ಚಳವಳಿ ನಡೆಸುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಆಗ ಅಲ್ಲಿದ್ದದ್ದು ಲೋಹಿಯಾ ಅವರೇ ಪ್ರಧಾನ ಕಾರ್ಯದರ್ಶಿಯಾಗಿದ್ದ ಪ್ರಜಾ ಸೋಷಲಿಸ್ಟ್ ಪಕ್ಷದ, ಪಟ್ಟಂ ತಾಣು ಪಿಳ್ಳೆ ಅವರ ಸರ್ಕಾರ. ನಿರಾಯುಧ ಜನರ ಮೇಲೆ ಕಾಂಗ್ರೆಸ್ ಸರ್ಕಾರಗಳು ಗುಂಡು ಹಾರಿಸಿದಾಗ ಖಂಡಿಸಿದ ಪಕ್ಷ ತನ್ನ ಸರ್ಕಾರ ಗುಂಡು ಹಾರಿಸಿದಾಗ ಅಧಿಕಾರದಲ್ಲಿ ಉಳಿಯಲಾಗದೆಂದು ಆಗ ಸೆರೆಯಲ್ಲಿದ್ದ ಲೋಹಿಯಾ ಅಲ್ಲಿಂದಲೇ ಸರ್ಕಾರದ ರಾಜೀನಾಮೆಗೆ ಒತ್ತಾಯಿಸಿದರು. ಸರ್ಕಾರ ಒಪ್ಪಲಿಲ್ಲ, ಪಕ್ಷವೂ ಒಪ್ಪಲಿಲ್ಲ. ಒಡಕು ಬೆಳೆದು 1955ರ ಕೊನೆಯ ಹೊತ್ತಿಗೆ ಅವರು ಬೇರೆ ಸಮಾಜವಾದಿ ಪಕ್ಷವನ್ನು ಹೈದರಾಬಾದಿನಲ್ಲಿ ಸ್ಥಾಪಿಸಬೇಕಾಯಿತು. ಅದಕ್ಕೂ ಮೊದಲು, 1922ರ ಫೆಬ್ರವರಿಯಲ್ಲಿ ಚೌರಿಚೌರಾದ ಪೊಲೀಸ್ ಠಾಣೆಗೆ ಗುಂಪು ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ, ದೇಶವ್ಯಾಪಿಯಾಗಿದ್ದ ಅಸಹಕಾರ ಚಳವಳಿಯನ್ನು ಗಾಂಧೀಜಿ ನಿಲ್ಲಿಸಿ ಐದು ದಿನ ಉಪವಾಸ ಕೈಗೊಂಡಿದ್ದರು.

ಸ್ವಪಕ್ಷವನ್ನು ಖಂಡಿಸುವುದು ಚಳವಳಿಯನ್ನು ದುರ್ಬಲಗೊಳಿಸುತ್ತದೆ, ಎದುರಾಳಿಗೆ ಆಯುಧ ಕೊಡುತ್ತದೆ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಲೋಹಿಯಾ ಅವರ ಪಕ್ಷ ಒಡೆದದ್ದೂ, ಚಳವಳಿ ನಿಂತದ್ದರಿಂದ ಗಾಂಧೀಜಿಯ ಸಂಗಡಿಗರು ಹತಾಶರಾದದ್ದೂ ಸತ್ಯ. ಆದರೆ ಆ ಆಕ್ಷೇಪದಲ್ಲಿ ಒಂದು ಅರೆಕೊರೆಯಿದೆ: ಚಳವಳಿಯ ಬಲವೆಂದರೆ ಜನಸಂಖ್ಯೆ ಮತ್ತು ಅಧಿಕಾರ ಎಂದಷ್ಟೇ ಅದು ಎಣಿಸುತ್ತದೆ. ಶಸ್ತ್ರವಿಲ್ಲದ ಜನರು ಪ್ರಭುತ್ವದ ಎದುರು ನಿಂತಾಗ ಅವರ ಬಲವಿರುವುದು ಅವರ ಮಾತಿನ ಸತ್ಯದಲ್ಲಿ. ಅದನ್ನು ಕಳೆದುಕೊಂಡು ಗೆದ್ದ ಚಳವಳಿ ಅಧಿಕಾರವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತದೆಯೇ ಹೊರತು ಬೇಡಿಯನ್ನು ಕಳಚುವುದಿಲ್ಲ.

ಜನರು ಪಕ್ಷಗಳ ಇಬ್ಬಗೆಯನ್ನು ಎದುರಿಸಿ ಗೆದ್ದ ಉದಾಹರಣೆ ಕರ್ನಾಟಕದಲ್ಲೇ ಇದೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ವಶಪಡಿಸಿಕೊಳ್ಳುವುದರ ವಿರುದ್ಧ ರೈತರು ಬಿಜೆಪಿ ಸರ್ಕಾರವಿದ್ದ 2022ರಲ್ಲಿ ಧರಣಿ ಆರಂಭಿಸಿದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಧರಣಿಗೆ ಬಂದು ಬೆಂಬಲ ನೀಡಿದರು. 2023ರಲ್ಲಿ ಅವರೇ ಮುಖ್ಯಮಂತ್ರಿಯಾದ ಮೇಲೂ ಸ್ವಾಧೀನ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಪೊಲೀಸರು ಪ್ರತಿಭಟನಕಾರರನ್ನು ಬಲವಂತವಾಗಿ ವಶಕ್ಕೆ ತೆಗೆದುಕೊಂಡರು. ರೈತರು ಎಲ್ಲರೂ ಒಂದೇ ಎಂದು ಕೈಚೆಲ್ಲಲಿಲ್ಲ, ತಮ್ಮ ಪರವಾಗಿದ್ದವರ ಸರ್ಕಾರವೆಂದು ಮೆತ್ತಗಾಗಲೂ ಇಲ್ಲ. ಅಂದು ಆಡಿದ ಮಾತನ್ನು ಇಂದು ನಡೆಸಿಕೊಡಿ ಎಂದು ಪಟ್ಟು ಹಿಡಿದರು. ಸಾಹಿತಿಗಳು, ಕಾರ್ಮಿಕ ಮತ್ತು ದಲಿತ ಸಂಘಟನೆಗಳು ಜೊತೆಗೂಡಿದವು. ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ವಿರೋಧದಲ್ಲಿದ್ದಾಗ ನಾಯಕನು ಆಡಿದ ಮಾತು ಅವನ ಆಸ್ತಿಯಲ್ಲ, ಅದು ಜನರ ಕೈಯಲ್ಲಿರುವ ಸಾಲಪತ್ರ. ಸಾಲಗಾರನು ಮರೆತರೂ ಪತ್ರ ಹಿಡಿದವನು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಇಬ್ಬಗೆಯನ್ನು ಪಕ್ಷಗಳ ತಲೆಗೆ ಮಾತ್ರ ಕಟ್ಟಿ ಓದುಗ ಸಮಾಜವು ತಾನು ಶುದ್ಧವೆಂದು ನಂಬಿಕೊಳ್ಳುವುದು ನ್ಯಾಯವಾಗುವುದಿಲ್ಲ, ಏಕೆಂದರೆ ನಾಡು ಮತ್ತು ನುಡಿ ಎಂಬವೂ ಪಕ್ಷಗಳೇ. ಬರಗಾಲದಲ್ಲಿ ಮಹಾರಾಷ್ಟ್ರವು ಕೊಯ್ನಾದಿಂದ ನೀರು ಬಿಡಬೇಕೆಂದು ಮಾನವೀಯತೆಯ ಹೆಸರಿನಲ್ಲಿ ಕೇಳುವ ಕನ್ನಡಿಗನು, ರಾಜೋಳಿಬಂಡಾದ ಕೆಳಗಿರುವ ಉಂಡವಳ್ಳಿಯ ರೈತನು ಅದೇ ಮಾನವೀಯತೆಯ ಹೆಸರಿನಲ್ಲಿ ಕೇಳಿದಾಗ ಕಿವಿ ಮುಚ್ಚಿಕೊಂಡರೆ ಅವನೂ ದುರ್ನಯದಲ್ಲಿದ್ದಾನೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಎಲ್ಲ ರಾಜ್ಯಗಳಿಗೂ ಹೇಳುತ್ತದೆ. ತೆಲಂಗಾಣದ ಮಕ್ತಲ್ ಸೀಮೆಯ ಕನ್ನಡ ಶಾಲೆಗಳಿಗೆ ಶಿಕ್ಷಕರು ಬೇಕೆಂದು ಆ ವಿಧಿಯ ಆಧಾರದಲ್ಲಿ ಕೇಳುವವರು ಕರ್ನಾಟಕದಲ್ಲಿರುವ ತೆಲುಗು, ಮರಾಠಿ, ಉರ್ದು ಮಕ್ಕಳ ಪರವಾಗಿಯೂ ಅದನ್ನೇ ಕೇಳಬೇಕು. ಗಡಿಯ ಜನ ಒಂದೇ ಬದುಕಿನಲ್ಲಿ ಬಹುಸಂಖ್ಯಾತರೂ ಅಲ್ಪಸಂಖ್ಯಾತರೂ ಆದವರು; ನ್ಯಾಯವನ್ನು ಎರಡೂ ದಡಗಳಿಂದ ನೋಡುವ ಅನುಭವ ಅವರಿಗಿರುವಷ್ಟು ರಾಜಧಾನಿಗಳಿಗಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಇಡೀ ಧರ್ಮವನ್ನೇ ನಡೆ ಮತ್ತು ನುಡಿಗಳ ಏಕತೆಯ ಮೇಲೆ ನಿಲ್ಲಿಸಿದರು. ಬಸವಣ್ಣನವರು ಅರಸ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಅಧಿಕಾರದಲ್ಲಿದ್ದುಕೊಂಡೇ ನುಡಿದಂತೆ ನಡೆಯಬೇಕಾದ ಇಕ್ಕಟ್ಟು ಅವರದಾಗಿತ್ತು. ಶರಣರು ಒಪ್ಪಿದ ಅಂತರ್ಜಾತಿ ವಿವಾಹಕ್ಕೆ ಪ್ರಭುತ್ವವು ಕ್ರೂರ ಶಿಕ್ಷೆ ವಿಧಿಸಿದ ಸಂದರ್ಭದಲ್ಲಿ ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಶರಣರ ದೃಷ್ಟಿಯಲ್ಲಿ ನಡೆ ತಪ್ಪಿದ ನುಡಿಯು ಬರಿಯ ಸುಳ್ಳಲ್ಲ, ದೈವಕ್ಕೆ ಬಗೆದ ದ್ರೋಹ. ನುಡಿಯನ್ನು ಕೊಟ್ಟವನೂ ಅದನ್ನು ಕೇಳಿಸಿಕೊಳ್ಳುವವನೂ ಆ ದೈವವೇ ಎಂಬ ನಂಬಿಕೆ ಇದರ ಹಿಂದಿದೆ. ದೈವವನ್ನು ನಂಬದವರಿಗೆ ಆ ಸ್ಥಾನದಲ್ಲಿ ಜನರಿದ್ದಾರೆ.

ಮೂರನೆಯ ಪ್ರಶ್ನೆಗೆ ಉತ್ತರ ಇದರಿಂದಲೇ ದೊರೆಯುತ್ತದೆ. ಚಳವಳಿಗೆ ಇಳಿಯುವ ಪ್ರತಿಯೊಬ್ಬನೂ ಮೊದಲು ತನ್ನನ್ನು ಎರಡು ಮಾತು ಕೇಳಿಕೊಳ್ಳಬೇಕು: ಇದೇ ಕೆಲಸವನ್ನು ತನ್ನ ಪಕ್ಷದ ಸರ್ಕಾರ ಮಾಡಿದರೆ ಇದೇ ಜಾಗದಲ್ಲಿ ಬಂದು ಕುಳಿತುಕೊಳ್ಳುವೆನೆ? ತನ್ನ ಪಕ್ಷ ಗೆದ್ದ ಮೇಲೆ ಎದುರು ಪಕ್ಷದವರಿಗೆ ಈ ಜಾಗವನ್ನು ತೆರೆದಿಡುವೆನೆ? ಎರಡಕ್ಕೂ ಹೌದೆನ್ನಲಾರದವನು ಅಧಿಕಾರಕ್ಕಾಗಿ ಸ್ಪರ್ಧಿಸಬಹುದು, ಆದರೆ ಅವನು ಕುಳಿತದ್ದು ಧರಣಿಯಾಗುವುದಿಲ್ಲ. ನೋಡುವವರ ಕರ್ತವ್ಯ ಇದಕ್ಕಿಂತ ಹಗುರವಾದುದಲ್ಲ. ಪೆದ್ದ ಧನ್ವಾಡದಲ್ಲಿ ಬೇಡಿ ತೊಟ್ಟ ರೈತ, ಖಮ್ಮಂನಲ್ಲಿ ಬೇಡಿ ತೊಟ್ಟ ರೈತ, ಇಬ್ಬರಿಗಾಗಿಯೂ ಒಂದೇ ದನಿಯಲ್ಲಿ ಮಾತನಾಡುವುದನ್ನು ನಾಗರಿಕರು ತಮ್ಮಿಂದಲೇ ಆರಂಭಿಸಬೇಕು, ಮತ ಕೇಳಲು ಬರುವ ಪ್ರತಿಯೊಂದು ಪಕ್ಷದಿಂದಲೂ ಅದನ್ನೇ ಕೇಳಿ ಪಡೆಯಬೇಕು.